ಜಗದಾಂಬಾ ಮತ್ತು ಎತ್ತರದ ಕುರ್ಚಿ

“ಅಮ್ಮಾವ್ರೇ, ನಿಮ್ಮ ಮೊಣಕಾಲು ನೆಲದಿಂದ ಎಷ್ಟು ಎತ್ತರ ಇದೆ?”

ಟೈಪ್‌ರೈಟರಿನ ಸದ್ದು ಥಟ್ಟನೆ ನಿಂತಿತು.

ಜಗದಾಂಬಾ ತಲೆಯೆತ್ತಿ ನೋಡಿದಳು. ಮೇಜಿನ ಮುಂದೆ ಆರಡಿ ಎತ್ತರದ ಯುವಕನೊಬ್ಬ ನಿಂತಿದ್ದ. ಖಾಕಿ ಅಂಗಿ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್, ಕೈಯಲ್ಲಿ ಮಡಚುವ ಅಳತೆಪಟ್ಟಿ, ತಲೆಗೂದಲ ತುಂಬ ಮರದ ಪುಡಿ. ಬದನೆಕಾಯಿ ವೀಸೆಗೆ ಎಷ್ಟು ಎಂದು ಕೇಳಿದವನ ಹಾಗೆ ಸಮಾಧಾನವಾಗಿ ಉತ್ತರಕ್ಕೆ ಕಾಯುತ್ತಿದ್ದ.

“ಏನಂದ್ರಿ?”

“ಮೊಣಕಾಲು ಅಮ್ಮಾವ್ರೇ. ಗೊತ್ತಿಲ್ದಿದ್ರೆ ಪರವಾಗಿಲ್ಲ. ನಾನೇ ಅಳ್ಕೋತೀನಿ.”

ಹಾಗೆಂದವನೇ ಅಳತೆಪಟ್ಟಿ ಬಿಚ್ಚಿ, ನೆಲಕ್ಕೆ ಕೂರಲು ಹೊರಟ.

ಆ ಕೋಣೆಯಲ್ಲಿ ಏಳು ಜನ ಗುಮಾಸ್ತರಿದ್ದರು. ಏಳು ಪೆನ್ನುಗಳೂ ಒಟ್ಟಿಗೆ ನಿಂತವು. ಜಗದಾಂಬಾಳ ಮುಖಕ್ಕೆ ರಕ್ತ ನುಗ್ಗಿತು. ಅವಳು ಸಿಟ್ಟಿನಿಂದ ಕುರ್ಚಿಯಿಂದ ಧುಮುಕಿ ಎದ್ದು ನಿಂತಳು. ದುರದೃಷ್ಟಕ್ಕೆ, ಕುಳಿತಾಗ ಇದ್ದದ್ದಕ್ಕಿಂತ ನಿಂತಾಗ ಅವಳು ಎರಡಿಂಚು ಕಡಿಮೆಯೇ ಕಂಡಳು.

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು.

“ಹೊರಗೆ ಹೋಗಿ,” ಎಂದಳು. “ಈಗಲೇ ಹೋಗಿ.”

ಆ ಯುವಕ ಅವಳನ್ನೂ ಕುರ್ಚಿಯನ್ನೂ ಒಮ್ಮೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅವಳ ಕಣ್ಣಿನಂಚಿನಲ್ಲಿ ನೀರು ಕಂಡಿತು. ಅಳತೆಪಟ್ಟಿ ಮಡಚಿಕೊಂಡು, ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡು ಹೊರಗೆ ಹೋದ.

ಅವನ ಹೆಸರು ಚನ್ನಕೇಶವ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯ ರೈತರ ಮನೆಯ ಹುಡುಗ. ರಾಜಾಜಿನಗರದಲ್ಲಿ ಹೊಸದಾಗಿ ಎದ್ದಿದ್ದ ಕಾರ್ಖಾನೆಗಳ ಸಾಲಿನಲ್ಲಿ ಪಂಪುಗಳನ್ನು ತಯಾರಿಸುವ ಒಂದು ಕಾರ್ಖಾನೆಯಿತ್ತು. ಅಲ್ಲಿ ಎರಕ ಹೊಯ್ಯುವ ಮುನ್ನ ಪ್ರತಿಯೊಂದು ಭಾಗವನ್ನೂ ಮರದಲ್ಲಿ ಮಾಡುತ್ತಿದ್ದರು. ಆ ಮರದಚ್ಚಿನ ಮನೆಯಲ್ಲಿ, ಅಂದರೆ ಪ್ಯಾಟರ್ನ್ ಶಾಪಿನಲ್ಲಿ, ಅವನಿಗೆ ಕೆಲಸ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಆದರೆ ಮನುಷ್ಯರ ಜೊತೆ ಮಾತಾಡುವ ಅಳತೆ ಮಾತ್ರ ಅವನಿಗೆ ಯಾರೂ ಕಲಿಸಿರಲಿಲ್ಲ.

ಜಗದಾಂಬಾ ಅದೇ ಕಾರ್ಖಾನೆಯ ಆಫೀಸಿನ ಟೈಪಿಸ್ಟ್. ಹೆಸರು ಜಗತ್ತಿಗೇ ತಾಯಿಯಾದವಳದ್ದು, ಎತ್ತರ ನಾಲ್ಕಡಿ ಒಂಬತ್ತಿಂಚು. ತಂದೆ ಮುನಿಯಪ್ಪ ಬಟ್ಟೆ ಮಿಲ್ಲಿನಲ್ಲಿ ನೇಯುವವರು. ಮಾಗಡಿ ರಸ್ತೆಯ ಅವರ ವಠಾರದಲ್ಲಿ ಇಂಗ್ಲಿಷ್ ಟೈಪಿಂಗ್ ಪಾಸಾದ ಮೊದಲ ಹುಡುಗಿ ಇವಳೇ. ಕೆಲಸ ಇನ್ನೂ ತಾತ್ಕಾಲಿಕ. ಮಾರ್ಚಿ ತಿಂಗಳ ಪರೀಕ್ಷೆಯಲ್ಲಿ ನಿಮಿಷಕ್ಕೆ ನಲವತ್ತು ಪದ ಹೊಡೆದರೆ ಖಾಯಂ, ಇಲ್ಲವಾದರೆ ಮನೆ.

ಕಂಟಕವಾಗಿದ್ದದ್ದು ಕುರ್ಚಿ. ಯಾವುದೋ ಇಂಗ್ಲಿಷ್ ಕಂಪನಿ ಬಾಗಿಲು ಮುಚ್ಚಿದಾಗ ಹರಾಜಿನಲ್ಲಿ ಬಂದ ಸಾಮಾನು ಅದು. ಯಾರೋ ಉದ್ದನೆಯ ದೊರೆಗಾಗಿ ಮಾಡಿದ್ದು. ಅದರ ಮೇಲೆ ಕೂತರೆ ಜಗದಾಂಬಾಳ ಕಾಲು ನೆಲ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಾದ ಜೋಮು ಹಿಡಿಯುತ್ತಿತ್ತು. ಮೇಜು ಇನ್ನೂ ಎತ್ತರ, ಭುಜ ಮೇಲಕ್ಕೆತ್ತಿಯೇ ಟೈಪ್ ಮಾಡಬೇಕು. ನಕಲು ಮಾಡುವ ಕಾಗದ ಎಡಗಡೆ ಮಲಗಿರುತ್ತಿತ್ತು, ಕತ್ತು ಅತ್ತಲೇ ತಿರುಗಿ ತಿರುಗಿ ಸಂಜೆಗೆ ಹಿಡಿದುಕೊಳ್ಳುತ್ತಿತ್ತು. ಎರಡು ಇಟ್ಟಿಗೆಗೆ ಪೇಪರ್ ಸುತ್ತಿ ಕಾಲಡಿ ಇಟ್ಟುಕೊಂಡಿದ್ದಳು. ಅವು ಆಗಾಗ ಉರುಳಿ ದಡಕ್ಕೆಂದು ಸದ್ದು ಮಾಡುತ್ತಿದ್ದವು.

ಕುರ್ಚಿ ಸರಿಮಾಡಿಸಿಕೊಡಿ ಎಂದು ಅವಳು ಮೂರು ಅರ್ಜಿ ಬರೆದಿದ್ದಳು. ಹೆಡ್‌ಕ್ಲಾರ್ಕ್ ಗೋಪೀನಾಥರು ಎರಡನ್ನು ಬದಿಗೆ ಸರಿಸಿದ್ದರು.

“ನೋಡಮ್ಮ, ಸುಖ ಜಾಸ್ತಿಯಾದ್ರೆ ನಿದ್ದೆ ಬರುತ್ತೆ. ಆಫೀಸಲ್ಲಿ ಸ್ವಲ್ಪ ಕಷ್ಟ ಇರ್ಬೇಕು,” ಎನ್ನುತ್ತಿದ್ದರು. ಅವರ ಸ್ವಂತ ಕುರ್ಚಿಗೆ ಹಿಂದೊಂದು, ಕೆಳಗೆ ಎರಡು ಹತ್ತಿ ದಿಂಬುಗಳಿದ್ದವು.

ಮೂರನೆಯ ಅರ್ಜಿ ಹೇಗೋ ಮ್ಯಾನೇಜರ್ ಶಂಭುಲಿಂಗಪ್ಪನವರಿಗೆ ತಲುಪಿತ್ತು. ಅದರ ಫಲವಾಗಿಯೇ ಚನ್ನಕೇಶವ ಅಳತೆಪಟ್ಟಿ ಹಿಡಿದು ಬಂದದ್ದು. ಆದರೆ ಯಾರೂ ಅವಳಿಗೆ ಮೊದಲೇ ತಿಳಿಸಿರಲಿಲ್ಲ.

ತಿಳಿದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ‘ಹೆಂಗಸರ ಹತ್ರ ಹೇಗೆ ಕೇಳ್ಬೇಕು ಅನ್ನೋದು ಬೇಡವಾ? ಏಳು ಜನರ ಮುಂದೆ... ನಾನೇನು ಪಂಪಿನ ಬಿಡಿಭಾಗವಾ?’

ಅವಳು ದೂರು ಬರೆದುಕೊಟ್ಟಳು.

ಶಂಭುಲಿಂಗಪ್ಪನವರು ಜಗಳ ಎಂದರೆ ಬೆವರುವ ಮನುಷ್ಯ. ದೂರನ್ನು ಓದಿ, ಕನ್ನಡಕ ಒರೆಸಿ, ಮತ್ತೊಮ್ಮೆ ಓದಿ, ಒಂದು ಆಜ್ಞೆ ಹೊರಡಿಸಿದರು. ಚನ್ನಕೇಶವ ಇನ್ನು ಮೇಲೆ ಆಫೀಸಿಗೆ ಕಾಲಿಡಕೂಡದು. ಕುರ್ಚಿಯ ಕೆಲಸವನ್ನು ಹಿರಿಯ ಬಡಗಿ ದೊಡ್ಡಹನುಮಯ್ಯ ಮಾಡತಕ್ಕದ್ದು, ಅದೂ ಮಧ್ಯಾಹ್ನ ಒಂದರಿಂದ ಎರಡರ ಊಟದ ಹೊತ್ತಿನಲ್ಲಿ, ಟೈಪಿಸ್ಟ್ ಇಲ್ಲದಾಗ.

“ಅವ್ರಿಗೆ ಅರವತ್ತರ ಹತ್ರ. ಬಹಳ ಸಂಭಾವಿತರು,” ಎಂದು ಜಗದಾಂಬಾಳಿಗೆ ಹೇಳಿದರು.

ಪ್ಯಾಟರ್ನ್ ಶಾಪಿನಲ್ಲಿ ದೊಡ್ಡಹನುಮಯ್ಯ ಆಜ್ಞೆಯ ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಓದಲಾಗಲಿಲ್ಲ. ಕನ್ನಡದಲ್ಲಿದ್ದ ಅದನ್ನು ಚನ್ನಕೇಶವನೇ ಓದಿ ಹೇಳಿದ. ಕಣ್ಣಲ್ಲಿ ಪೊರೆ ಬರುತ್ತಿದ್ದುದನ್ನು ಅವನು ವರ್ಷದಿಂದ ಮುಚ್ಚಿಟ್ಟಿದ್ದ.

“ಚನ್ನಾ, ನನ್ಗೆ ಗೆರೆನೇ ಕಾಣ್ಸಲ್ಲ ಕಣೋ. ಕುರ್ಚಿ ಕಾಲು ಕುಯ್ಯೋಕೆ ಹೋಗಿ ನನ್ ಕಾಲು ಕುಯ್ಕೊಂಡ್ರೆ? ಹೆಸ್ರು ನನ್ದಿರ್ಲಿ, ಕೆಲ್ಸ ನೀನ್ ಮಾಡು.”

“ಅಲ್ಲಿಗೆ ಹೋಗ್ಬಾರ್ದು ಅಂತ ಬರ್ದವ್ರಲ್ಲಣ್ಣ.”

“ಆ ಹೊತ್ತಲ್ಲಿ ಯಾರಿರ್ತಾರೆ?”

ಚನ್ನಕೇಶವನಿಗೆ ಆ ಹುಡುಗಿಯ ನೇತಾಡುವ ಪಾದಗಳು ನೆನಪಾದವು. ಒಪ್ಪಿಕೊಂಡ.

ಊಟದ ಹೊತ್ತಿನಲ್ಲಿ ಆಫೀಸಿನಲ್ಲಿ ಉಳಿಯುತ್ತಿದ್ದವರು ಗೋಪೀನಾಥರೊಬ್ಬರೇ. ಅವರು ಮುಖದ ಮೇಲೆ ಪೇಪರ್ ಹೊದ್ದು, ಮೂರು ದಿಂಬಿನ ನಡುವೆ ಗೊರಕೆ ಹೊಡೆಯುತ್ತಿದ್ದರು. ಕಸ ಗುಡಿಸುವ ಲಿಂಗಮ್ಮ ಮಾತ್ರ ಎಲ್ಲವನ್ನೂ ನೋಡುತ್ತಿದ್ದಳು. ಒಲೆಗೆ ಮರದ ಚಕ್ಕೆ ಕೊಡುತ್ತೇನೆಂದು ಚನ್ನಕೇಶವ ಹೇಳಿದ್ದರಿಂದ ಅವಳಿಗೆ ಏನೂ ಕಾಣಿಸುತ್ತಿರಲಿಲ್ಲ.

ಮೊದಲ ದಿನ ಅವನು ಏನನ್ನೂ ಕುಯ್ಯಲಿಲ್ಲ. ಮೇಜಿನ ಕೆಳಗೆ ತೂರಿ ನೋಡಿದ. ಮೇಜಿನ ಹಲಗೆಗೆ ಚಪ್ಪಲಿಯ ತುದಿ ತಾಗಿ ತಾಗಿ ಬಣ್ಣ ಹೋಗಿತ್ತು. ಇಟ್ಟಿಗೆಗಳು ನೆಲದಲ್ಲಿ ಗುರುತು ಮೂಡಿಸಿದ್ದವು. ಕುರ್ಚಿಯ ಅಂಚು ಸವೆದ ಜಾಗವಿತ್ತು. ಅಳತೆಪಟ್ಟಿ ಅವಕ್ಕೆ ಹಿಡಿದ. ಅವಳನ್ನು ಏನೂ ಕೇಳದೆಯೇ ಅವಳ ಅಳತೆಯೆಲ್ಲ ಸಿಕ್ಕಿತು.

ಜೊತೆಗೆ ಇನ್ನೊಂದೂ ಸಿಕ್ಕಿತು. ಡ್ರಾಯರಿನ ಬಾಯಲ್ಲಿ ಅಮೃತಾಂಜನದ ಖಾಲಿ ಡಬ್ಬಿಗಳು, ಐದು.

ಚನ್ನಕೇಶವ ಅವನ್ನು ನೋಡಿ ತನ್ನ ಕತ್ತನ್ನೇ ಒಮ್ಮೆ ಸವರಿಕೊಂಡ.

ಎರಡು ದಿನದ ನಂತರ ಜಗದಾಂಬಾ ಊಟ ಮುಗಿಸಿ ಬಂದಾಗ ಮೇಜಿನಡಿ ಇಟ್ಟಿಗೆಗಳಿರಲಿಲ್ಲ. ಅಲ್ಲೊಂದು ಕಾಲ್ಮಣೆ ಇತ್ತು. ಸ್ವಲ್ಪ ಓರೆಯಾಗಿ, ಪಾದ ಒರಗುವ ಹಾಗೆ ನುಣುಪಾಗಿ ಉಜ್ಜಿದ ಹಲಗೆ. ಕಾಲಿಟ್ಟಳು. ಹಾಯೆನಿಸಿತು. ಬಲಗಡೆ ಒಂದಿಷ್ಟು ಎತ್ತರ ಇದ್ದಂತಿತ್ತು.

ಅವಳು ಒಂದು ಚೀಟಿ ಬರೆದು ಕಾಲ್ಮಣೆಯ ಮೇಲಿಟ್ಟಳು. ‘ದೊಡ್ಡಹನುಮಯ್ಯ ತಾತನವರಿಗೆ ನಮಸ್ಕಾರ. ಮಣೆ ಬಹಳ ಚೆನ್ನಾಗಿದೆ. ಬಲಗಡೆ ಕಾಲು ಇಂಚು ತೆಗೆದರೆ ಇನ್ನೂ ಚೆನ್ನ.’

ಮರುದಿನ ಮಣೆ ಸರಿಯಾಗಿತ್ತು. ಅದರ ಮೇಲೆ ಅಂಗೈಯಗಲದ ತೆಳು ಹಲಗೆಯ ಚೂರು. ಪೆನ್ಸಿಲಿನಲ್ಲಿ ದುಂಡಗಿನ ಅಕ್ಷರ. ‘ನೀವು ಹೇಳಿದ್ದು ಸರಿ. ತೆಗೆದಿದ್ದೇನೆ. ಕತ್ತು ಯಾವ ಕಡೆ ನೋಯುತ್ತದೆ?’

ಜಗದಾಂಬಾ ಆ ಚೂರನ್ನು ಎರಡು ಸಲ ಓದಿದಳು. ‘ಕತ್ತು ನೋಯುತ್ತೆ ಅಂತ ಇವ್ರಿಗೆ ಹೇಗೆ ಗೊತ್ತಾಯ್ತು? ಪಾಪ, ವಯಸ್ಸಾದವ್ರು. ಕಷ್ಟ ಗೊತ್ತಿರುತ್ತೆ.’

ಹೀಗೆ ಶುರುವಾಯಿತು ಆ ಪತ್ರವ್ಯವಹಾರ. ಜನವರಿ, ಫೆಬ್ರವರಿಯೆಲ್ಲ ನಡೆಯಿತು.

ಒಂದೊಂದು ವಾರ ಒಂದೊಂದು ಬದಲಾವಣೆ. ಕುರ್ಚಿಯ ಕಾಲು ಕುಗ್ಗಿತು, ಬೆನ್ನು ಆನಿಸುವ ಕಡೆ ಅಡ್ಡಪಟ್ಟಿ ಬಂತು. ಟೈಪ್‌ರೈಟರಿಗೆ ಬೇರೆಯೇ ತಗ್ಗಾದ ಮೇಜು ಬಂತು. ಕಾಗದವನ್ನು ಕಣ್ಣಿನ ಮಟ್ಟಕ್ಕೆ ನಿಲ್ಲಿಸುವ ಒಂದು ಪುಟ್ಟ ಪೀಠ ಬಂತು. ಇಡೀ ಮೇಜು ಕಿಟಕಿಗೆ ಓರೆಯಾಗಿ ತಿರುಗಿ, ಬೆಳಕು ಎಡಭುಜದ ಮೇಲಿಂದ ಬೀಳತೊಡಗಿತು. ದಿನಾ ಬೇಕಾಗುವ ಕಾಗದ ಕೈಗೆಟಕುವ ಖಾನೆಗೆ, ವಾರಕ್ಕೊಮ್ಮೆ ಬೇಕಾಗುವುದು ಕೆಳಗಿನದಕ್ಕೆ, ಗೋಪೀನಾಥರ ಸುತ್ತೋಲೆಗಳು ತೀರಾ ಕೆಳಕ್ಕೆ.

ಮೂವತ್ತೊಂದು ಪದದಲ್ಲೇ ನಿಂತಿದ್ದ ಅವಳ ವೇಗ ಮೂವತ್ತೆಂಟಾಯಿತು, ನಲವತ್ತೊಂದಾಯಿತು. ಅಮೃತಾಂಜನದ ಆರನೆಯ ಡಬ್ಬಿ ಅರ್ಧಕ್ಕೇ ನಿಂತಿತು.

ಅವಳ ಚೀಟಿಗಳು ಉದ್ದವಾದವು. ‘ತಾತ, ನಿಮಗೆ ಮಕ್ಕಳೆಷ್ಟು?’ ಎಂದು ಕೇಳಿದಳು ಒಮ್ಮೆ.

ಚನ್ನಕೇಶವ ಆ ಚೀಟಿ ಹಿಡಿದು ಬೆವರಿದ. ಹೆಸರಿನ ವಿಷಯದಲ್ಲಿ ಆಗಲೇ ಒಂದು ಸುಳ್ಳಾಗಿದೆ. ಇನ್ನೊಂದು ಸುಳ್ಳು ಬರೆಯುವುದಿಲ್ಲ ಎಂದು ಅವನು ಮೊದಲ ದಿನವೇ ತೀರ್ಮಾನಿಸಿದ್ದ. ಆದ್ದರಿಂದ ಬರೆದ: ‘ಇನ್ನೂ ಮದುವೆ ಆಗಿಲ್ಲ.’

ಜಗದಾಂಬಾಳಿಗೆ ಕರುಳು ಚುರುಕ್ಕೆಂದಿತು. ಅರವತ್ತು ವರ್ಷ... ಒಂಟಿ ಜೀವ!

‘ಹಾಗಾದರೆ ಅಡುಗೆ ಯಾರು ಮಾಡುತ್ತಾರೆ?’

‘ಅಮ್ಮ ಮಾಡುತ್ತಾರೆ.’

ಅವಳು ಬೆಚ್ಚಿದಳು. ತಾತನ ಅಮ್ಮ ಎಂದರೆ ಎಂಬತ್ತಂತೂ ದಾಟಿರಬೇಕು. ಆ ಮುದುಕಿ ಇನ್ನೂ ಒಲೆಯ ಮುಂದೆ ಕೂರುತ್ತಾಳೆಯೇ? ಮರುದಿನವೇ ಮನೆಯಿಂದ ಒಂದು ಡಬ್ಬಿ ಕಡಲೆಬೀಜದ ಚಟ್ನಿಪುಡಿ ತಂದಿಟ್ಟಳು. ‘ನಿಮ್ಮ ತಾಯಿಯವರಿಗೆ ಒಂದು ದಿನವಾದರೂ ವಿಶ್ರಾಂತಿ ಸಿಗಲಿ.’

ಬ್ಯಾಡರಹಳ್ಳಿಯಲ್ಲಿ ಚನ್ನಕೇಶವನ ತಾಯಿ, ನಲವತ್ತೈದರ ಗಟ್ಟಿಮುಟ್ಟಾದ ಹೆಂಗಸು, ಆ ಪುಡಿಯನ್ನು ರಾಗಿರೊಟ್ಟಿಗೆ ಹಚ್ಚಿಕೊಂಡು ತಿಂದು, “ಯಾರೋ ಇದು ಕೊಟ್ಟಿದ್ದು? ಕೈ ಚೆನ್ನಾಗಿದೆ,” ಎಂದಳು. ಮಗ ಕೆಮ್ಮಿದ.

ಇನ್ನೊಂದು ಚೀಟಿಯಲ್ಲಿ ಅವಳು ಬರೆದಳು: ‘ನಿಮ್ಮ ಶಾಪಿನಲ್ಲಿ ಒಬ್ಬ ಉದ್ದನೆಯವನಿದ್ದಾನಲ್ಲ, ಅವನಿಗೆ ಸ್ವಲ್ಪ ಬುದ್ಧಿ ಹೇಳಿ. ದಾರಿಯಲ್ಲಿ ಸೈಕಲ್ಲಿನಲ್ಲಿ ಹೋಗುವಾಗ ನನ್ನನ್ನು ಕಂಡರೆ ನೆಲ ನೋಡುತ್ತಾನೆ. ನಿನ್ನೆ ಹಾಗೆ ನೋಡುತ್ತಾ ಹೋಗಿ ಎಮ್ಮೆಗೆ ಗುದ್ದಿದ.’

ಉತ್ತರ ಬಂತು: ‘ಅವನು ತಪ್ಪು ಮಾಡಿದ್ದಾನೆ. ಅವನಿಗೆ ಅದು ಗೊತ್ತಿದೆ. ಎಮ್ಮೆಗೆ ಏನೂ ಆಗಲಿಲ್ಲ.’

ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಆ ಚೂರನ್ನು ಉಳಿದವುಗಳ ಜೊತೆ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದಳು. ಟ್ರಂಕಿನಲ್ಲಿ ಆಗಲೇ ಇಪ್ಪತ್ತು ಚೂರುಗಳಿದ್ದವು. ಯಾಕೆ ಇಟ್ಟುಕೊಳ್ಳುತ್ತಿದ್ದೇನೆಂದು ಅವಳು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಮಾರ್ಚಿ ಬಂತು. ಪರೀಕ್ಷೆಗೆ ಐದು ದಿನ ಉಳಿದಿತ್ತು. ಸೋಮವಾರ ನಾಲ್ಕು ಗಂಟೆಗೆ ಜಗದಾಂಬಾ ಕೈಯಲ್ಲಿ ಎಣ್ಣೆಯ ಬಾಟಲಿ ಹಿಡಿದು ಪ್ಯಾಟರ್ನ್ ಶಾಪಿನ ಕಡೆ ನಡೆದಳು. ದಿನವೂ ಮೇಜಿನಡಿ ಬಗ್ಗಿ ಕೆಲಸ ಮಾಡುವ ತಾತನ ಕೀಲುಗಳಿಗೆ ಅವಳ ಅಮ್ಮ ಕಾಯಿಸಿಕೊಟ್ಟ ಎಣ್ಣೆ ಅದು. ಇದನ್ನು ಕೈಯಾರೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಬೇಕೆಂದು ಅವಳ ಆಸೆ.

ಶಾಪಿನ ಹೊರಗೆ ಬಿಸಿಲಿಗೆ ಕುಳಿತು ದೊಡ್ಡಹನುಮಯ್ಯ ಬೀಡಿ ಸೇದುತ್ತಿದ್ದ.

“ನೀವೇ ಅಲ್ವಾ ದೊಡ್ಡಹನುಮಯ್ಯ ತಾತ?”

“ಊಂ ತಾಯಿ. ನೀವ್ಯಾರು?”

“ನಾನು ಜಗದಾಂಬಾ, ಟೈಪಿಸ್ಟು. ನಿಮಗೆ ಎಣ್ಣೆ ತಂದಿದೀನಿ. ನಿಮ್ಮಮ್ಮ ಚೆನ್ನಾಗಿದಾರಾ?”

“ನಮ್ಮವ್ವ ಸತ್ತು ಇಪ್ಪತ್ತು ವರ್ಸ ಆಯ್ತಲ್ಲ.”

ಜಗದಾಂಬಾ ಬಾಟಲಿ ಹಿಡಿದೇ ನಿಂತಳು. “ಮತ್ತೆ... ಚಟ್ನಿಪುಡಿ?”

“ಓ, ಆ ಪುಡಿ ನೀವ್ ಕೊಟ್ಟಿದ್ದಾ? ಚನ್ನ ನನ್ಗೂ ಒಂದ್ ಪೊಟ್ಣ ಕೊಟ್ಟಿದ್ದ. ನನ್ ಹೆಂಡ್ರು, ಸೊಸೇರು, ಏಳು ಮೊಮ್ಮಕ್ಳು ಎಲ್ಲಾ ತಿಂದ್ರು. ಬಲೇ ಸಂದಾಕಿತ್ತು ತಾಯಿ.”

“ಚನ್ನ ಅಂದ್ರೆ?”

ಅಷ್ಟರಲ್ಲಿ ಚನ್ನಕೇಶವ ಹೊರಗೆ ಬಂದ. ಅವಳನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟ. ಕಿವಿಯ ಮೇಲೆ ಅದೇ ಪೆನ್ಸಿಲ್ ಇತ್ತು.

ಅವಳಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಅಂದರೆ ಈ ಎರಡು ತಿಂಗಳು... ಕತ್ತುನೋವು, ಮನೆಯ ಮಾತು, ಅಪ್ಪನ ಕಿವಿ ಮಂದವಾಗುತ್ತಿರುವ ಸಂಕಟ, ಎಲ್ಲವನ್ನೂ ಅವಳು ಹೇಳಿಕೊಂಡದ್ದು ಇವನ ಹತ್ತಿರ.

“ಓದಿ ಓದಿ ಚೆನ್ನಾಗಿ ನಕ್ಕಿರಬೇಕು ನೀವೆಲ್ಲ,” ಎಂದಳು.

“ಇಲ್ಲ ಅಮ್ಮಾವ್ರೇ. ನಾನು...”

ಅವಳು ಎಣ್ಣೆ ಬಾಟಲಿಯನ್ನು ದೊಡ್ಡಹನುಮಯ್ಯನ ಕೈಗಿಟ್ಟು ತಿರುಗಿ ನಡೆದುಬಿಟ್ಟಳು.

“ನನ್ ಕೀಲಿಗೇನಾಗಿದೆ?” ಎಂದು ಮುದುಕ ಹಿಂದಿನಿಂದ ಕೇಳುತ್ತಲೇ ಇದ್ದ.

ಮರುದಿನ ಬೆಳಗ್ಗೆ ಅವಳು ತಗ್ಗಿನ ಕುರ್ಚಿ, ಕಾಲ್ಮಣೆ, ಮೇಜು, ಪೀಠ ಎಲ್ಲವನ್ನೂ ಕೂಲಿಯವರಿಂದ ಪ್ಯಾಟರ್ನ್ ಶಾಪಿಗೆ ವಾಪಸು ಕಳಿಸಿದಳು. ಗೋಡೌನಿನಲ್ಲಿ ಇನ್ನೊಂದು ದೊರೆ ಕುರ್ಚಿ ಇತ್ತು. ಅದನ್ನು ತರಿಸಿ ಹತ್ತಿ ಕೂತಳು. ಕಾಲು ಮತ್ತೆ ನೇತಾಡಿತು.

“ನೋಡಿದ್ಯಾ? ಹಳೇದೇ ವಾಸಿ,” ಎಂದರು ಗೋಪೀನಾಥರು.

ಬುಧವಾರ ಅವಳ ವೇಗ ಮೂವತ್ತೆರಡು. ಗುರುವಾರ ಮೂವತ್ತು. ಕತ್ತು ಹಿಡಿದು, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕಾಯಿತು.

“ನಿನಗೆ ಗೊತ್ತಿತ್ತಲ್ವಾ?” ಎಂದು ಲಿಂಗಮ್ಮನನ್ನು ಕೇಳಿದಳು.

“ಗೊತ್ತಿತ್ತು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.” ಲಿಂಗಮ್ಮ ಪೊರಕೆ ನಿಲ್ಲಿಸಿದಳು. “ನಗ್ತಿದ್ದ ಅಂದ್ಕೊಂಡ್ರಾ? ನಾನು ನೋಡಿವ್ನಿ ತಾಯಿ. ನಿಮ್ ಚೀಟಿ ಓದೋಕ್ ಮುಂಚೆ ಕೈ ತೊಳ್ಕೊಂಡ್ ಬರೋನು, ಕೊಳೆ ಆಯ್ತದೆ ಅಂತ.”

ಗಂಟೆ ಹೊಡೆಯುತ್ತಲೇ ಜಗದಾಂಬಾ ಡ್ರಾಯರು ಮುಚ್ಚಿ ಹೊರಟಳು. ಮನೆಗೆ ಬಂದವಳೇ ಟ್ರಂಕು ತೆಗೆದಳು. ಇವನ್ನು ಬಚ್ಚಲೊಲೆಗೆ ಹಾಕಿಬಿಡಬೇಕು ಎಂದುಕೊಂಡು ಚೂರುಗಳನ್ನು ಮಡಿಲಿಗೆ ಸುರಿದುಕೊಂಡಳು. ಹಾಕುವ ಮೊದಲು ಎಷ್ಟು ಸುಳ್ಳು ಬರೆದಿದ್ದಾನೆ ನೋಡೋಣ ಎಂದು ಒಂದೊಂದನ್ನೇ ಓದಿದಳು.

ಇನ್ನೂ ಮದುವೆ ಆಗಿಲ್ಲ. ಅಮ್ಮ ಅಡುಗೆ ಮಾಡುತ್ತಾರೆ. ಅವನು ತಪ್ಪು ಮಾಡಿದ್ದಾನೆ, ಅವನಿಗೆ ಅದು ಗೊತ್ತಿದೆ. ‘ಪರೀಕ್ಷೆಗೆ ಹೆದರಬೇಡಿ, ನಿಮ್ಮ ಕೈ ಚುರುಕಾಗಿದೆ, ಜಾಗ ಸರಿಯಿರಲಿಲ್ಲ ಅಷ್ಟೆ.’

ಒಂದೂ ಸುಳ್ಳಿರಲಿಲ್ಲ. ತಾತ ಎಂದು ಎಲ್ಲೂ ಸಹಿ ಹಾಕಿರಲಿಲ್ಲ. ತಾತ ಎಂದದ್ದು ಅವಳೇ.

ಅವಳು ಚೂರುಗಳನ್ನು ಒಲೆಗೆ ಹಾಕಲಿಲ್ಲ. ಆದರೆ ಸಿಟ್ಟನ್ನೂ ಪೂರ್ತಿ ಬಿಡಲಾಗಲಿಲ್ಲ.

ಶನಿವಾರ ಬಂತು. ಮಧ್ಯಾಹ್ನ ಮೂರಕ್ಕೆ ಪರೀಕ್ಷೆ. ಬೆಳಗ್ಗೆ ಹತ್ತಕ್ಕೆ ಶಂಭುಲಿಂಗಪ್ಪನವರು ಅವಳನ್ನು ಕರೆದು ಒಂದು ಕಾಗದ ಕೊಟ್ಟರು.

“ಇದನ್ನ ಇಂಗ್ಲಿಷಿಗೆ ಮಾಡಿ ಮೂರು ಪ್ರತಿ ಟೈಪ್ ಮಾಡಮ್ಮ. ಜೊತೆಗೆ ಇದೂ ಒಂದು.” ಅವರ ಹಣೆಯಲ್ಲಿ ಬೆವರಿತ್ತು.

ಎರಡನೆಯದು ಕೆಲಸದಿಂದ ತೆಗೆಯುವ ಆಜ್ಞೆಯ ಕರಡು. ಮೊದಲನೆಯದರಲ್ಲಿ ದುಂಡಗಿನ ಅಕ್ಷರಗಳಿದ್ದವು.

‘ಮ್ಯಾನೇಜರ್ ಸಾಹೇಬರಿಗೆ ಪ್ಯಾಟರ್ನ್ ಶಾಪಿನ ಚನ್ನಕೇಶವ ಮಾಡುವ ಅರಿಕೆ. ತಾವು ಬೇಡವೆಂದರೂ ನಾನು ಆಫೀಸಿಗೆ ಹೋಗಿದ್ದೇನೆ. ದೊಡ್ಡಹನುಮಯ್ಯನವರ ತಪ್ಪಿಲ್ಲ. ಟೈಪಿಸ್ಟ್ ಅಮ್ಮಾವ್ರನ್ನು ಎಲ್ಲರ ಮುಂದೆ ಕೇಳಬಾರದ್ದನ್ನು ಕೇಳಿ ನೋಯಿಸಿದೆ. ಆಮೇಲೆ ನಾನು ಯಾರೆಂದು ಹೇಳದೆ ಇನ್ನೂ ನೋಯಿಸಿದೆ. ಹೇಳಿದರೆ ಅವರು ಕುರ್ಚಿ ಬಿಟ್ಟುಬಿಡುತ್ತಾರೆ ಎಂದು ಹೆದರಿದ್ದೆ, ಹಾಗೇ ಆಯಿತು. ಕುರ್ಚಿ ಮಾಡಿದವನ ಮೇಲಿನ ಸಿಟ್ಟಿಗೆ ಅವರು ಕತ್ತು ನೋಯಿಸಿಕೊಳ್ಳುವುದು ಬೇಡ. ನನ್ನನ್ನು ತೆಗೆದರೆ ಅವರು ಆ ಕುರ್ಚಿಯಲ್ಲಿ ಕೂರಬಹುದು. ಪರೀಕ್ಷೆ ಮೂರು ಗಂಟೆಗೆ ಇದೆ. ಅಷ್ಟರೊಳಗೆ ತೀರ್ಮಾನ ಮಾಡಬೇಕಾಗಿ ಬೇಡುತ್ತೇನೆ.’

ಜಗದಾಂಬಾ ಟೈಪ್‌ರೈಟರಿಗೆ ಕಾಗದ ಸೇರಿಸಿದಳು. ಮೊದಲ ಸಾಲು ಆಯಿತು, ಎರಡನೆಯದೂ ಆಯಿತು. ನೋಯಿಸಿದೆ ಎಂಬಲ್ಲಿಗೆ ಬಂದಾಗ ಅಕ್ಷರಗಳು ಮಸುಕಾದವು.

‘ಕೆಲ್ಸ ಹೋದ್ರೂ ಪರವಾಗಿಲ್ಲ, ನನ್ನ ಕತ್ತು ನೋಯ್ಬಾರ್ದು... ಇಂಥವರೂ ಇರ್ತಾರಾ?’

ಅವಳು ಕಾಗದವನ್ನು ರೋಲರಿನಿಂದ ಎಳೆದು ತೆಗೆದು, ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋದಳು.

“ಸಾರ್, ಇದನ್ನ ನಾನು ಟೈಪ್ ಮಾಡಲ್ಲ.”

ಶಂಭುಲಿಂಗಪ್ಪನವರು ಹೌಹಾರಿದರು. “ಯಾಕಮ್ಮ? ಕನ್ನಡ ಅರ್ಥ ಆಗ್ಲಿಲ್ವಾ?”

“ಈಗ ಅರ್ಥ ಆಯ್ತು ಸಾರ್. ಅವರು ಬಡಗಿ, ಕೇಳ್ಬೇಕಾದ್ದನ್ನೇ ಕೇಳಿದ್ರು. ಕೇಳೋ ರೀತಿ ಗೊತ್ತಿರ್ಲಿಲ್ಲ. ನನಗೂ ತಾಳ್ಮೆ ಇರ್ಲಿಲ್ಲ. ದೂರು ಕೊಟ್ಟವಳು ನಾನು, ಈಗ ವಾಪಸ್ ತಗೋತಾ ಇದೀನಿ.”

“ಆದ್ರೆ ಆಜ್ಞೆ ಮೀರಿದಾನಲ್ಲಮ್ಮ. ನಾನು ಏನಾದ್ರೂ ಮಾಡ್ಲೇಬೇಕು.”

“ಒಂದು ಎಚ್ಚರಿಕೆ ಕಾಗದ ಕೊಡಿ ಸಾರ್. ಸ್ವಲ್ಪ ಖಾರವಾಗೇ ಇರ್ಲಿ. ನಾನು ಟೈಪ್ ಮಾಡ್ತೀನಿ.”

ಶಂಭುಲಿಂಗಪ್ಪನವರು ಎರಡು ತಿಂಗಳಿನಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟರು. “ನೀನೇ ಬರ್ದುಬಿಡು ತಾಯಿ. ಸಹಿ ಹಾಕ್ತೀನಿ.”

ಹನ್ನೆರಡು ಗಂಟೆಗೆ ಪ್ಯಾಟರ್ನ್ ಶಾಪಿನೊಳಕ್ಕೆ ಮೊಟ್ಟಮೊದಲ ಬಾರಿ ಒಬ್ಬ ಹೆಂಗಸು ಕಾಲಿಟ್ಟಳು. ಗರಗಸಗಳು ನಿಂತವು. ಚನ್ನಕೇಶವ ತನ್ನ ಸಾಮಾನುಗಳನ್ನು ಆಗಲೇ ಗೋಣಿಚೀಲಕ್ಕೆ ತುಂಬುತ್ತಿದ್ದ.

“ನಿಮಗೆ ಕಾಗದ ಬಂದಿದೆ,” ಎಂದಳು.

ಅವನು ಕೈ ತೊಳೆದುಕೊಂಡು ಬಂದು ತೆಗೆದುಕೊಂಡ. ತಿರುಗಿಸಿ ಮುರುಗಿಸಿ ನೋಡಿದ. “ನಂಗೆ ಇಂಗ್ಲಿಷ್ ಬರಲ್ಲ ಅಮ್ಮಾವ್ರೇ.”

“ಕೊಡಿ.” ಅವಳು ಗಂಟಲು ಸರಿಪಡಿಸಿಕೊಂಡು, ಇಡೀ ಶಾಪಿಗೆ ಕೇಳುವಂತೆ ಕನ್ನಡದಲ್ಲಿ ಹೇಳಿದಳು. “ಆಜ್ಞೆ ಮೀರಿದ್ದಕ್ಕಾಗಿ ನಿಮಗೆ ತೀವ್ರ ಎಚ್ಚರಿಕೆ ನೀಡಲಾಗಿದೆ. ಇನ್ನು ಮುಂದೆ ಯಾವುದೇ ಕೆಲಸವನ್ನು ಸ್ವಂತ ಹೆಸರಿನಲ್ಲೇ ಮಾಡತಕ್ಕದ್ದು. ಆಫೀಸಿನ ಉಳಿದ ಏಳು ಕುರ್ಚಿಗಳನ್ನೂ ನೋಡತಕ್ಕದ್ದು. ಕೆಲಸ ಎಂದಿನಂತೆ ಮುಂದುವರಿಯುವುದು.”

“ಕೆಲ್ಸ ಹೋಗ್ಲಿಲ್ವಾ?” ಎಂದ ಚನ್ನಕೇಶವ.

“ಹೋಗ್ಲಿಲ್ಲ.” ಅವಳು ಕಾಗದ ಮಡಚಿ ಕೊಟ್ಟಳು. ದನಿ ತಗ್ಗಿತು. “ನನ್ನ ಕುರ್ಚಿ ಎಲ್ಲಿದೆ?”

ಕುರ್ಚಿ ಮೂಲೆಯಲ್ಲಿ, ಧೂಳಾಗದಂತೆ ಒಂದು ಪಂಚೆ ಹೊದ್ದು ನಿಂತಿತ್ತು. ಚನ್ನಕೇಶವ ಅದನ್ನು ತಲೆಯ ಮೇಲೆ ಹೊತ್ತ. ದೊಡ್ಡಹನುಮಯ್ಯ ಕಾಲ್ಮಣೆ ಹಿಡಿದ. ಇನ್ನಿಬ್ಬರು ಮೇಜು ಎತ್ತಿದರು. ಕಾಗದದ ಪೀಠವನ್ನು ಜಗದಾಂಬಾಳೇ ಎದೆಗಪ್ಪಿಕೊಂಡಳು. ಕಾರ್ಖಾನೆಯ ಅಂಗಳದಲ್ಲಿ ಆ ಮೆರವಣಿಗೆ ಸಾಗುವಾಗ ಎರಕದ ಮನೆಯವರೆಲ್ಲ ಬಾಗಿಲಿಗೆ ಬಂದು ನೋಡಿದರು.

ಮೂರು ಗಂಟೆಗೆ ಶಂಭುಲಿಂಗಪ್ಪನವರು ಜೇಬಿನ ಗಡಿಯಾರ ತೆಗೆದರು. ಹತ್ತು ನಿಮಿಷ. ಜಗದಾಂಬಾ ಪಾದಗಳನ್ನು ಮಣೆಯ ಮೇಲೆ ಊರಿದಳು, ಬೆನ್ನನ್ನು ಪಟ್ಟಿಗೆ ಆನಿಸಿದಳು. ಬೆರಳುಗಳು ಓಡಿದವು.

ನಿಮಿಷಕ್ಕೆ ನಲವತ್ತಾರು ಪದ, ಎರಡೇ ತಪ್ಪು.

ಅವಳು ಖಾಯಂ ಕಾಗದಕ್ಕೆ ಸಹಿ ಹಾಕಲು ಒಳಗೆ ಹೋದಳು. ವಾಪಸು ಬಂದು ನೋಡಿದರೆ ಗೋಪೀನಾಥರು ಅವಳ ಕುರ್ಚಿಯಲ್ಲಿದ್ದರು. ಸುಮ್ಮನೆ ಪರೀಕ್ಷಿಸಲು ಕೂತವರು, ಕಾಲ್ಮಣೆಯ ಮೇಲೆ ಎರಡೂ ಪಾದ ಚಾಚಿ, ಬಾಯಿ ತೆರೆದು ಗಾಢ ನಿದ್ದೆಗೆ ಹೋಗಿದ್ದರು. ಎಬ್ಬಿಸಿದಾಗ, “ನಾನು ಆಗ್ಲೇ ಹೇಳಿರ್ಲಿಲ್ವಾ?” ಎಂದರು. ಆಮೇಲೆ ಮೆಲ್ಲಗೆ, “ನನಗೂ ಇಂಥದ್ದೊಂದು ಮಣೆ ಮಾಡಿಸಮ್ಮ,” ಎಂದರು.

ನಾಲ್ಕೂವರೆಗೆ ಕಾರ್ಖಾನೆ ಬಿಟ್ಟಿತು. ಜಗದಾಂಬಾ ಗೇಟು ದಾಟಿ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಸೈಕಲ್ಲಿನ ಸದ್ದು ಕೇಳಿತು. ಅವನು ಹತ್ತಿ ತುಳಿಯುತ್ತಿರಲಿಲ್ಲ, ಇಳಿದು ತಳ್ಳಿಕೊಂಡು ಬರುತ್ತಿದ್ದ. ಅವಳು ಹೆಜ್ಜೆ ನಿಧಾನ ಮಾಡಿದಳು. ಅವನು ಪಕ್ಕಕ್ಕೆ ಬಂದ. ನಡುವೆ ಸೈಕಲ್ಲು.

ಹಾಗೇ ನಡೆದು ಮಾಗಡಿ ರಸ್ತೆ ಸೇರಿದರು. ಸೊಪ್ಪಿನ ಗಾಡಿಗಳು ಖಾಲಿಯಾಗಿ ಹಳ್ಳಿಯ ಕಡೆ ಮರಳುತ್ತಿದ್ದವು. ಅವಳ ವಠಾರದ ತಿರುವು ಕಾಣಿಸಿತು.

“ನಾಳೆ ಭಾನುವಾರ,” ಎಂದ ಚನ್ನಕೇಶವ.

“ಹೌದು.”

“ನಮ್ಮಪ್ಪ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ? ನಿಮ್ಮ ತಂದೆಯವ್ರನ್ನ... ಒಂದು ಮಾತು ಕೇಳೋಕೆ.”

ಅವಳು ನಿಂತಳು.

“ಅಪ್ಪನ್ನ ಆಮೇಲೆ ಕೇಳಿ. ಮೊದ್ಲು ನನ್ನ ಕೇಳಿ.”

ಅವನು ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿದ. ಅಂಗಿಗೆ ಕೈ ಒರೆಸಿಕೊಂಡ. ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಈ ಸಲ ಅವನು ಕಲಿತಿದ್ದ.

“ನಿಮ್ಮ ಮುಂದೆ ಬರೋ ಹಾಗಿರ್ಲಿಲ್ಲ. ಆದ್ರೂ ದಿನಾ ಮಧ್ಯಾಹ್ನ ಒಂದು ಗಂಟೆ ಆಗೋದನ್ನೇ ಕಾಯ್ತಿದ್ದೆ. ನಿಮ್ಮ ಚೀಟಿ ಇಲ್ದಿರೋ ದಿನ ನಂಗೆ ಕೆಲ್ಸ ಓಡ್ತಿರ್ಲಿಲ್ಲ. ನಂಗೆ ಚೆನ್ನಾಗಿ ಮಾತಾಡೋಕೆ ಬರಲ್ಲ. ನೀವಂದ್ರೆ ನಂಗಿಷ್ಟ. ನನ್ನ ಮದುವೆ ಆಗ್ತೀರಾ?”

ಅವಳು ತಲೆ ತಗ್ಗಿಸಿ ಏನೋ ಅಂದಳು. ಅದೇ ಕ್ಷಣಕ್ಕೆ ಕಲ್ಲು ತುಂಬಿದ ಲಾರಿಯೊಂದು ಗಡಗಡನೆ ಪಕ್ಕದಲ್ಲೇ ಹಾದುಹೋಯಿತು. ಧೂಳು ಇಳಿಯುವವರೆಗೆ ಇಬ್ಬರೂ ಕಣ್ಣು ಮುಚ್ಚಿ ನಿಂತರು.

“ಕೇಳಿಸ್ಲಿಲ್ಲ,” ಎಂದ ಅವನು. ಮುಖದಲ್ಲಿ ಪ್ರಾಣವೇ ಇರಲಿಲ್ಲ. “ಏನಂದ್ರಿ?”

“ಅಂಥಾ ಮಾತು ಎರಡು ಸಲ ಹೇಳೋಕಾಗಲ್ಲ.”

“ಹಾಗಂದ್ರೆ... ನಾನು ಏನಂತ ತಿಳ್ಕೊಳ್ಲಿ?”

ಜಗದಾಂಬಾ ಸೆರಗಿನ ತುದಿಯಿಂದ ಕಣ್ಣಿನ ಧೂಳು ಒರೆಸಿಕೊಂಡಳು. ಅದು ಬರೀ ಧೂಳಾಗಿರಲಿಲ್ಲ. ತಿರುವಿನವರೆಗೆ ನಡೆದು ಹೋಗಿ, ಅಲ್ಲಿ ನಿಂತು, ಹಿಂದಿರುಗಿ ನೋಡಿದಳು.

“ಹತ್ತು ಗಂಟೆಗೆ ಬನ್ನಿ,” ಎಂದಳು. “ಊಟ ನಮ್ಮನೇಲೇ ಮಾಡ್ಬೇಕು ಅಂತ ನಿಮ್ಮಮ್ಮಂಗೆ ಹೇಳಿ.”